ಮೊಸಳೆ ಗೂಡಿನ ಬಿಸಿ ಅಳೆಯುವ ಕ್ರಮ

ಸುರಪುರದ ಕಡೆ ಕೃಷ್ಣಾ ದಂಡೆಯ ಮೊಸಳೆಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ವರ್ಣತಂತು ಅಲ್ಲ, ತತ್ತಿ ಹುಗಿದ ಉಸುಕಿನ ಬಿಸಿ. 28ರಿಂದ 31 ಡಿಗ್ರಿ ಸೆಲ್ಸಿಯಸ್ ಇದ್ದರೆ ಹೆಣ್ಣು, 32.5ರ ಆಸುಪಾಸಿನಲ್ಲಿ ಹೆಚ್ಚಾಗಿ ಗಂಡು. 33ಕ್ಕೆ ಮತ್ತೆ ಹೆಣ್ಣು ಬೆರೆಯುತ್ತವೆ.

ನಿಜವಾದ ಗೂಡು ಮುಟ್ಟಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಮೇಲಾಗಿ ತಾಯಿ ಅಲ್ಲೇ ಕಾದಿರುತ್ತದೆ. ಅರಣ್ಯ ಇಲಾಖೆಗೆ ತಿಳಿಸಿ, ಗೂಡಿನಿಂದ ದೂರ, ಅಷ್ಟೇ ಬಿಸಿಲು ಬೀಳುವ ಉಸುಕಿನಲ್ಲಿ 40 ಸೆಂ.ಮೀ. ಆಳದ ನಕಲಿ ಗುಂಡಿ ತೋಡಿ.

ಮೊದಲು ಸೆನ್ಸರ್ ಪರೀಕ್ಷೆ. ಪುಡಿ ಮಾಡಿದ ಮಂಜುಗಡ್ಡೆಗೆ ತುಸು ನೀರು ಹಾಕಿ, ಕಲಕಿ, ಸೆನ್ಸರ್ ಅದ್ದಿ. ಅದು 0 ತೋರಿಸಬೇಕು, 0.6 ತೋರಿಸಿದರೆ ಮುಂದೆ ಪ್ರತಿ ಅಂಕಿಯಿಂದ 0.6 ಕಳೆಯಿರಿ. ಇಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಲೆಕ್ಕವೇ ಉಲ್ಟಾ.

ಒಂದು ಸೆನ್ಸರ್ 25 ಸೆಂ.ಮೀ.ಗೆ, ಇನ್ನೊಂದು ತಳಕ್ಕೆ ಇಟ್ಟು, ತೆಗೆದ ಉಸುಕನ್ನೇ ಮುಚ್ಚಿ. ಅರ್ಧ ಗಂಟೆಗೊಮ್ಮೆ ದಾಖಲಾಗಲಿ. ಪ್ರತಿ ಸಲ ಗುಂಡಿ ಬಗೆದು ಥರ್ಮಾಮೀಟರ್ ಇಟ್ಟರೆ ಸಿಗುವುದು ಬಿಸಿಲಿನ ಲೆಕ್ಕ, ಉಸುಕಿನದ್ದಲ್ಲ.

ಇಡೀ ಹಂಗಾಮಿನ ಸರಾಸರಿ ನಂಬಬೇಡಿ: ಲಿಂಗ ನಿಶ್ಚಯವಾಗುವುದು ಕಾವಿನ ನಡುವಿನ ಮೂರನೇ ಒಂದು ಭಾಗದಲ್ಲಿ. ಬೆಳೆಯುವ ಭ್ರೂಣಗಳೂ ಸ್ವಲ್ಪ ಬಿಸಿ ಕೊಡುವುದರಿಂದ, ಕೊನೆಯ ವಾರಗಳಲ್ಲಿ ನಕಲಿ ಗುಂಡಿ ತುಸು ತಣ್ಣಗೇ ತೋರಿಸುತ್ತದೆ.

ಹೊಳೆ ಏರಿ ಇಲಾಖೆಯವರೇ ತತ್ತಿ ಸ್ಥಳಾಂತರಿಸುವಾಗ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಹಾಗೇ ಎತ್ತಬೇಕು. ತಿರುವಿದರೆ ಸಿಪ್ಪೆಗೆ ಅಂಟಿದ ಭ್ರೂಣ ಸಾಯುತ್ತದೆ.