ಸಸಿಗಿಂತ ಮೊದಲು ಮಣ್ಣು: ನಗರದೊಳಗೆ ನಿಸರ್ಗಕ್ಕೆ ಜಾಗ ಮಾಡುವ ಬಗೆ

ನಗರದಲ್ಲಿ ಹಸಿರು ಹೆಚ್ಚಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಸಸಿಗಳನ್ನು ತರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಕಾಂಕ್ರೀಟಿನ ನಡುವೆ ಮೊಳದುದ್ದದ ಗುಂಡಿ ತೋಡಿ ನೆಟ್ಟ ಸಸಿ ಒಂದೆರಡು ಬೇಸಿಗೆ ಕಳೆದು ಉಳಿದರೂ, ಬೇರು ಹರಡಲು ಜಾಗವಿಲ್ಲದೆ, ಮಳೆನೀರು ಬುಡಕ್ಕೆ ತಲುಪದೆ, ನೆರಳು ಕೊಡುವಷ್ಟು ದೊಡ್ಡದಾಗುವುದಿಲ್ಲ. ಏರುತ್ತಿರುವ ತಾಪ, ದಿಢೀರ್ ಮಳೆಗೆ ಉಕ್ಕುವ ರಸ್ತೆಗಳು, ಕಡಿಮೆಯಾಗುತ್ತಿರುವ ಚಿಟ್ಟೆ ಮತ್ತು ಹಕ್ಕಿಗಳು, ಈ ಮೂರರ ಹಿಂದೆಯೂ ನಗರ ತನ್ನ ಮಣ್ಣನ್ನು ಮುಚ್ಚಿಕೊಂಡಿರುವ ಸಂಗತಿಯಿದೆ. ಆದ್ದರಿಂದ ಮೊದಲು ಸ್ಥಳವನ್ನು ನೋಡಿ, ಆಮೇಲೆ ಇರುವುದನ್ನು ಉಳಿಸಿ, ಅನಂತರ ಮಣ್ಣನ್ನು ತೆರೆದು ನೀರಿಗೆ ದಾರಿ ಮಾಡಿ, ಅದಾದ ಮೇಲೆ ನೆಡಬೇಕು.

ನೋಡುವ ಕೆಲಸಕ್ಕೆ ಎರಡು ಸುತ್ತಾಟಗಳು ಬೇಕು. ಕಡುಬೇಸಿಗೆಯ ಮಧ್ಯಾಹ್ನ ಬಡಾವಣೆಯ ನಕ್ಷೆ ಹಿಡಿದು ನಡೆದು, ಜನರು ಬಸ್ಸಿಗಾಗಿ ಕಾಯುವ, ಮಕ್ಕಳು ಶಾಲೆಗೆ ಹೋಗುವ, ವೃದ್ಧರು ಔಷಧಿ ತರಲು ನಡೆಯುವ ದಾರಿಗಳಲ್ಲಿ ಎಲ್ಲೆಲ್ಲಿ ನೆರಳಿಲ್ಲ ಎಂಬುದನ್ನು ಗುರುತಿಸಿ. ಇನ್ನೊಂದು ಸುತ್ತಾಟ ಜೋರುಮಳೆ ನಿಂತ ಕೂಡಲೇ. ನೀರು ಎಲ್ಲಿಂದ ಹರಿದು ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅದೇ ನಕ್ಷೆಯ ಮೇಲೆ ಬರೆಯಿರಿ. ಎರಡೂ ಗುರುತುಗಳು ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಕೆಲಸ ಆರಂಭಿಸಿದರೆ ಹಾಕಿದ ಹಣಕ್ಕೆ ಹೆಚ್ಚು ಫಲ. ಗುರಿಯ ಅಳತೆ ಬೇಕೆನ್ನುವವರಿಗೆ ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ 3-30-300 ಸೂತ್ರವಿದೆ: ಪ್ರತಿ ಮನೆಯಿಂದ ಕನಿಷ್ಠ 3 ಮರಗಳು ಕಾಣಬೇಕು, ಪ್ರತಿ ಬಡಾವಣೆಯ ಶೇ. 30ರಷ್ಟು ಭಾಗದ ಮೇಲೆ ಮರಗಳ ಹರವು ಇರಬೇಕು, 300 ಮೀಟರ್ ಒಳಗೆ ಒಂದು ಉದ್ಯಾನವಿರಬೇಕು. ಇಡೀ ನಗರದ ಸರಾಸರಿಯನ್ನು ಹೇಳಿ ಜಾರಿಕೊಳ್ಳಲು ಈ ಸೂತ್ರ ಬಿಡುವುದಿಲ್ಲ ಎಂಬುದೇ ನನಗೆ ಅದರಲ್ಲಿ ಹಿಡಿಸಿದ ಅಂಶ.

ಇರುವ ದೊಡ್ಡ ಮರವನ್ನು ಕಳೆದುಕೊಂಡು ನೂರು ಸಸಿ ನೆಟ್ಟರೂ ಹಲವು ದಶಕಗಳವರೆಗೆ ಅದು ನಷ್ಟದ ವ್ಯವಹಾರವೇ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 0.68 ಕಿಲೋವ್ಯಾಟ್ ಗಂಟೆಯಷ್ಟು ಉಷ್ಣವನ್ನು ಹೀರಿಕೊಳ್ಳುತ್ತದೆ. ನೀರು ಸಾಕಷ್ಟು ಸಿಕ್ಕ ದೊಡ್ಡ ಮರವೊಂದು ಎಲೆಗಳ ಮೂಲಕ ದಿನಕ್ಕೆ ನೂರು ಲೀಟರಿಗೂ ಹೆಚ್ಚು ನೀರನ್ನು ಆವಿಯಾಗಿ ಹೊರಬಿಟ್ಟು ಸುತ್ತಲನ್ನು ತಂಪಾಗಿಸಬಲ್ಲದು. ಅದರ ಪೊಟರೆಗಳು, ಸೀಳಿದ ತೊಗಟೆ, ಒಣಗಿದ ಕೊಂಬೆಗಳು ಗೂಬೆಗೆ, ಬಾವಲಿಗೆ, ಜೀರುಂಡೆಗೆ ಮನೆ. ಅಂಥ ಮರದ ಸಮೀಪ ಕಾಮಗಾರಿ ನಡೆಯುವಾಗ, ಎದೆಯೆತ್ತರದಲ್ಲಿ ಅಳೆದ ಕಾಂಡದ ವ್ಯಾಸದ 12 ಪಟ್ಟು ದೂರದವರೆಗೆ ಅಗೆಯಬಾರದು, ಮಣ್ಣು ಸುರಿಯಬಾರದು, ವಾಹನ ನಿಲ್ಲಿಸಬಾರದು. ಕಾಂಡ ಅರ್ಧ ಮೀಟರ್ ದಪ್ಪವಿದ್ದರೆ ಸುತ್ತಲೂ 6 ಮೀಟರ್ ಎಂದಾಯಿತು. ಇಷ್ಟು ದೂರವೇಕೆ ಎಂದು ಗುತ್ತಿಗೆದಾರರು ಕೇಳುವುದುಂಟು. ಬಹುಪಾಲು ಬೇರುಗಳು ಮೇಲಿನ 60 ಸೆಂ.ಮೀ. ಮಣ್ಣಿನಲ್ಲೇ ಅಡ್ಡಡ್ಡವಾಗಿ ಹರಡಿರುತ್ತವೆ ಎಂಬುದೇ ಉತ್ತರ. ಬುಡಕ್ಕೆ ತಾಗುವಂತೆ ಹಾಕಿದ ಸಿಮೆಂಟನ್ನು ಬೇರಿಗೆ ಪೆಟ್ಟಾಗದಂತೆ ಕೈಯುಳಿಯಿಂದ ಬಿಡಿಸಿ ತೆಗೆಯಬೇಕು. ಸಸಿಯಾಗಿದ್ದಾಗ ಹಾಕಿದ ಕಬ್ಬಿಣದ ಬೇಲಿಯನ್ನು ಯಾರೂ ತೆಗೆಯದೆ, ತೊಗಟೆ ಅದರ ಕಂಬಿಗಳನ್ನು ತುಟಿಯಂತೆ ಕಚ್ಚಿಕೊಂಡು ಬೆಳೆದಿರುವ ಮರಗಳನ್ನು ನಾನು ಸಾಲುಸಾಲಾಗಿ ಕಂಡಿದ್ದೇನೆ. ಆ ಹಂತದಲ್ಲಿ ಕಂಬಿಯನ್ನು ಎಳೆಯದೆ, ಹೊರಗೆ ಉಳಿದ ಭಾಗವನ್ನು ಮಾತ್ರ ಕತ್ತರಿಸುವುದು ಕ್ಷೇಮ.

ಇನ್ನು ಮಣ್ಣು ಮತ್ತು ನೀರು. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಹಾಗಾಗಿ 100 ಚದರ ಮೀಟರ್ ತಾರಸಿಯ ಮೇಲೆ 20 ಮಿ.ಮೀ. ಮಳೆ ಸುರಿದರೆ 2,000 ಲೀಟರ್ ನೀರು ಕೊಳವೆಯಿಂದ ನೇರವಾಗಿ ಚರಂಡಿಗೆ ಧುಮುಕುತ್ತದೆ. ಅಷ್ಟನ್ನೂ ಹಿಡಿಯಲು 15 ಚದರ ಮೀಟರ್ ವಿಸ್ತಾರದ, 15 ಸೆಂ.ಮೀ. ಆಳದ, ಗಿಡ ನೆಟ್ಟ ಒಂದು ತಗ್ಗು ಸಾಕು. ಇದನ್ನೇ ಮಳೆತೋಟ ಎನ್ನುತ್ತಾರೆ. ಆದರೆ ಜಾಗ ಆರಿಸುವ ಮೊದಲು ಮಣ್ಣನ್ನು ಪರೀಕ್ಷಿಸಲೇಬೇಕು. ಅಲ್ಲಿ 30 ಸೆಂ.ಮೀ. ಅಗಲದ, ಅಷ್ಟೇ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮೊದಲ ಸಲದ ನೀರನ್ನು ಲೆಕ್ಕಕ್ಕೆ ಹಿಡಿಯಬೇಡಿ, ಒಣಮಣ್ಣು ಅದನ್ನು ಗಟಗಟನೆ ಕುಡಿದು ನಮ್ಮನ್ನು ಮೋಸಗೊಳಿಸುತ್ತದೆ. ಅದು ಪೂರ್ತಿ ಇಂಗಿದ ಮೇಲೆ ಮತ್ತೆ ತುಂಬಿಸಿ, ಗುಂಡಿಯ ನಡುವೆ ಕೋಲೊಂದನ್ನು ನೆಟ್ಟು, ಗಂಟೆಗೊಮ್ಮೆ ನೀರಿನ ಮಟ್ಟಕ್ಕೆ ಗೆರೆ ಎಳೆಯಿರಿ. ಎರಡು ಗೆರೆಗಳ ನಡುವೆ 25 ಮಿ.ಮೀ. ಅಂತರವಿದ್ದರೆ ಮಣ್ಣು ಒಳ್ಳೆಯದು, 12 ಮಿ.ಮೀ.ಗಿಂತ ಕಡಿಮೆಯಿದ್ದರೆ ಅಡಿಯಲ್ಲಿ ಜಲ್ಲಿಯ ಪದರವನ್ನೂ ಹೆಚ್ಚಿನ ನೀರು ಹೊರಹೋಗುವ ಕೊಳವೆಯನ್ನೂ ಇಡಬೇಕು. ನಿಂತ ನೀರು 48 ಗಂಟೆಗಳೊಳಗೆ ಇಂಗಿದರೆ ಸೊಳ್ಳೆಯ ಮರಿಗಳಿಗೆ ಬೆಳೆದು ಹಾರುವಷ್ಟು ಸಮಯ ಸಿಗುವುದಿಲ್ಲ. ಕಟ್ಟಡದ ತಳಪಾಯದಿಂದ 3 ಮೀಟರ್ ದೂರವಿಡುವುದನ್ನು ಮರೆಯಬಾರದು. ರಸ್ತೆಯ ಬದಿಯಲ್ಲಾದರೆ ಅಂಚುಗಲ್ಲನ್ನು ಅಲ್ಲಲ್ಲಿ ಕತ್ತರಿಸಿ, ಮರದ ಪಾತಿಯನ್ನು ರಸ್ತೆಗಿಂತ ತಗ್ಗಿಸಿದರೆ ಹರಿಯುವ ನೀರು ತಾನಾಗಿಯೇ ಬುಡಕ್ಕೆ ಬರುತ್ತದೆ. ಪಾತಿಯನ್ನು ಅಲಂಕಾರಕ್ಕೆಂದು ದಿಣ್ಣೆಯಂತೆ ಏರಿಸಿ ಕಲ್ಲು ಕಟ್ಟುವ ರೂಢಿ ಇದಕ್ಕೆ ತೀರ ವಿರುದ್ಧವಾದುದು.

ಇದೇ ತತ್ವ ದೊಡ್ಡ ಪ್ರಮಾಣದಲ್ಲೂ ನಡೆಯುತ್ತದೆ. 2011ರ ಜುಲೈ 2ರಂದು ಕೆಲವೇ ಗಂಟೆಗಳಲ್ಲಿ ಸುರಿದ ಮಳೆಗೆ ಮುಳುಗಿದ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್, ಮರುವರ್ಷವೇ ಮೇಘಸ್ಫೋಟವನ್ನು ಎದುರಿಸುವ ಯೋಜನೆ ರೂಪಿಸಿ, ಚರಂಡಿಗಳನ್ನಷ್ಟೇ ಹಿಗ್ಗಿಸದೆ ಉದ್ಯಾನ ಮತ್ತು ಬೀದಿಗಳಿಗೂ ನೀರು ಹಿಡಿಯುವ ಕೆಲಸ ಹಚ್ಚಿತು; ಅಲ್ಲಿನ ಎಂಗ್‌ಹೇವ್ ಪಾರ್ಕ್ ಈಗ ಸುಮಾರು 22,600 ಘನ ಮೀಟರ್ ಮಳೆನೀರನ್ನು ತಾತ್ಕಾಲಿಕವಾಗಿ ಹಿಡಿದಿಡಬಲ್ಲದು. ಸಿಂಗಪುರದ ಬಿಶಾನ್ ಉದ್ಯಾನದಲ್ಲಿ 2.7 ಕಿ.ಮೀ. ಉದ್ದದ ನೆಟ್ಟನೆಯ ಕಾಂಕ್ರೀಟ್ ಕಾಲುವೆಯನ್ನು ಒಡೆದು, 3.2 ಕಿ.ಮೀ. ಬಳುಕಿ ಹರಿಯುವ ನದಿಯನ್ನಾಗಿ 2012ರಲ್ಲಿ ಮರಳಿ ರೂಪಿಸಲಾಯಿತು. ಅಲ್ಲಿ ಈಗ ನೀರುನಾಯಿಗಳು ಕಾಣಿಸುತ್ತವೆ.

ನೆಡುವ ಹಂತದಲ್ಲಿ ವೈವಿಧ್ಯವೇ ವಿಮೆ. ಒಂದೇ ಜಾತಿಯ ಸಾಲುಮರ ನೋಡಲು ಚೆಂದ, ಆದರೆ ಒಂದೇ ರೋಗಕ್ಕೆ ಇಡೀ ಸಾಲು ಬಲಿಯಾಗಬಹುದು; ಯುರೋಪ್ ಮತ್ತು ಉತ್ತರ ಅಮೆರಿಕದ ಬೀದಿಗಳ ಎಲ್ಮ್ ಮರಗಳಿಗೆ ಶಿಲೀಂಧ್ರ ರೋಗ ತಗುಲಿ ಆದದ್ದು ಇದೇ. ಅಮೆರಿಕದ ಸಸ್ಯವಿಜ್ಞಾನಿ ಫ್ರಾಂಕ್ ಸಾಂಟಮೌರ್ 1990ರಲ್ಲಿ ಹೇಳಿದಂತೆ, ನಗರದ ಮರಗಳಲ್ಲಿ ಒಂದೇ ಪ್ರಭೇದ ಶೇ. 10ನ್ನು, ಒಂದೇ ಕುಲ (ಹತ್ತಿರದ ಪ್ರಭೇದಗಳ ಗುಂಪು) ಶೇ. 20ನ್ನು, ಒಂದೇ ಕುಟುಂಬ (ಹತ್ತಿರದ ಕುಲಗಳ ಗುಂಪು) ಶೇ. 30ನ್ನು ಮೀರದಿದ್ದರೆ ಒಳ್ಳೆಯದು. ಆಯಾ ಪ್ರದೇಶದ ಮರ, ಪೊದೆ, ಬಳ್ಳಿ, ಹುಲ್ಲುಗಳನ್ನು ಅಂತಸ್ತುಗಳಾಗಿ ಬೆಳೆಸಿ, ವರ್ಷದ ಯಾವ ತಿಂಗಳಲ್ಲೂ ಏನಾದರೊಂದು ಹೂವು ಅಥವಾ ಹಣ್ಣು ಇರುವಂತೆ ಆಯ್ಕೆ ಮಾಡಿ. ಎಲೆಯಲ್ಲಿ ಹುಳು ತಿಂದ ತೂತು ಕಂಡರೆ ಔಷಧಿ ಹೊಡೆಯಲು ಓಡಬೇಡಿ, ಆ ಹುಳುವೇ ಮರಿಹಕ್ಕಿಯ ಊಟ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ, ಸಸಿಗಳನ್ನು ದಟ್ಟವಾಗಿ ನೆಡುವ ವಿಧಾನ ಇಂದು ಜನಪ್ರಿಯವಾಗಿದೆ. ಪಾಳುಬಿದ್ದ ಸಣ್ಣ ಜಾಗಕ್ಕೆ ಅದು ಒಳ್ಳೆಯದೇ, ಆದರೆ ಸಹಜವಾಗಿ ಹುಲ್ಲುಗಾವಲೋ ಜೌಗೋ ಆಗಿರುವ ನೆಲದಲ್ಲಿ ಕಾಡು ಬೆಳೆಸುವುದು ಅಲ್ಲಿನ ಜೀವಿಗಳನ್ನು ಒಕ್ಕಲೆಬ್ಬಿಸಿದಂತೆ. ನೆಡುವಾಗ ಗುಂಡಿ ಬೇರಿನ ಮುದ್ದೆಗಿಂತ ಎರಡು ಮೂರು ಪಟ್ಟು ಅಗಲವಿರಲಿ, ಆಳ ಮುದ್ದೆಯಷ್ಟೇ ಇರಲಿ. ಬುಡದ ಸುತ್ತ 5ರಿಂದ 10 ಸೆಂ.ಮೀ. ತರಗೆಲೆಯ ಹೊದಿಕೆ ಹಾಸಿ, ಕಾಂಡಕ್ಕೆ ತಾಗದಂತೆ ಗೇಣಿನಷ್ಟು ಜಾಗ ಬಿಡಿ.

ನೆಲವೇ ಇಲ್ಲದ ಕಡೆ ತಾರಸಿಯಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 2002ರಿಂದ ಹೊಸ ಸಮತಟ್ಟು ತಾರಸಿಗಳು ಹಸಿರಾಗಿರುವುದು ಕಡ್ಡಾಯ. ಸ್ಥಳೀಯ ಮಣ್ಣನ್ನು ಒಂದೆಡೆ ದಪ್ಪವಾಗಿ, ಒಂದೆಡೆ ತೆಳ್ಳಗೆ ಹಾಸಿದಾಗ ಅಲ್ಲಿ ಹೆಚ್ಚು ಬಗೆಯ ಜೇಡ ಮತ್ತು ಜೀರುಂಡೆಗಳು ನೆಲೆಸಿದವು. ಆದರೆ 10 ಸೆಂ.ಮೀ. ತೋಯ್ದ ಮಣ್ಣು ಚದರ ಮೀಟರಿಗೆ 100 ಕಿಲೋ ಮೀರಿ ತೂಗಬಲ್ಲದು. ಎಂಜಿನಿಯರ್ ಒಪ್ಪದೆ ಒಂದು ಬುಟ್ಟಿ ಮಣ್ಣನ್ನೂ ಮೇಲೆ ಹೊರಬೇಡಿ.

ಗಿಡ ನೆಡದೆಯೂ ಮಾಡಬಹುದಾದ ಕೆಲಸಗಳಿವೆ. ಜೇನ್ನೊಣ ಮತ್ತು ಅದರ ಕಾಡುಬಂಧುಗಳ ಪ್ರಭೇದಗಳಲ್ಲಿ ಸುಮಾರು ಶೇ. 70ರಷ್ಟು ನೆಲದೊಳಗೆ ಗೂಡು ಮಾಡುವುದರಿಂದ ಬಿಸಿಲು ಬೀಳುವ ಒಂದು ಮೂಲೆಯನ್ನು ಬರಿ ಮಣ್ಣಾಗಿಯೇ ಬಿಡಿ. ಬಿದ್ದ ದಿಮ್ಮಿಯನ್ನು ಸಾಗಿಸಬೇಡಿ. ರಾತ್ರಿ ದೀಪಗಳು ಹಳದಿ ಛಾಯೆಯವಾಗಿದ್ದು ಕೆಳಮುಖವಾಗಿರಲಿ.

ಮೊದಲ ಮೂರು ವರ್ಷಗಳ ನೀರು, ಕಳೆ ಮತ್ತು ಕಾವಲಿನ ಖರ್ಚನ್ನು ನೆಡುವ ಮೊದಲೇ ಎತ್ತಿಡಬೇಕು, ಇಲ್ಲವಾದರೆ ನೆಡುವ ಸಂಖ್ಯೆಯನ್ನೇ ಇಳಿಸಬೇಕು. ಕೊಲಂಬಿಯಾದ ಮೆಡೆಲಿನ್ ನಗರ ರಸ್ತೆ ಮತ್ತು ತೊರೆಗಳ ಗುಂಟ 30 ಹಸಿರು ಪಟ್ಟಿಗಳನ್ನು ಬೆಳೆಸಿದಾಗ, ಹಿಂದುಳಿದ ಬಡಾವಣೆಗಳ ನಿವಾಸಿಗಳಿಗೆ ತರಬೇತಿ ಕೊಟ್ಟು ಸಂಬಳದ ತೋಟಗಾರರನ್ನಾಗಿ ಮಾಡಿತು. ಅಲ್ಲಿ ತಾಪ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿದಿದೆ. ಪುಸ್ತಕವೊಂದರಲ್ಲಿ ಪ್ರತಿ ಸಸಿಗೂ ಒಂದು ಸಾಲು ಇಟ್ಟು, ನೆಟ್ಟ ದಿನ, ಪ್ರಭೇದ ಮತ್ತು ಪ್ರತಿ ಬೇಸಿಗೆಯ ಕೊನೆಗೆ ಅದು ಬದುಕಿದೆಯೇ ಎಂಬುದನ್ನು ಬರೆಯಿರಿ. ಒಂದೇ ಜಾಗದಲ್ಲಿ ಎರಡನೆಯ ಸಸಿಯೂ ಸತ್ತರೆ ಮೂರನೆಯದನ್ನು ತರಬೇಡಿ. ಅಲ್ಲಿ ಮತ್ತೆ ಗುಂಡಿ ತೋಡಿ, ನೀರು ತುಂಬಿಸಿ, ಕೋಲು ನೆಟ್ಟು ನೋಡಿ.