ಹಳೇ ಗಾಡಿ ಕೊಟ್ಟೆ, ಎನ್‌ಸಿಬಿ ಇಟ್ಟುಕೊಂಡೆ

"ಎನ್‌ಸಿಬಿ ಎಲ್ಲ ಹೊಸ ಗಾಡಿಗೆ ಮಾತ್ರ ಕಣ್ರೀ, ಸೆಕೆಂಡ್ ಹ್ಯಾಂಡಿಗೆ ಬರಲ್ಲ." ಈ ಮಾತನ್ನು ನನಗೆ ಮೂವರು ಹೇಳಿದ್ದರು. ಎನ್‌ಸಿಬಿ ಅಂದರೆ ನೋ ಕ್ಲೇಮ್ ಬೋನಸ್, ಕ್ಲೇಮ್ ಮಾಡದವರಿಗೆ ಗಾಡಿ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ. ಒಬ್ಬ ಇನ್ಶೂರೆನ್ಸ್ ಏಜೆಂಟ್, ಒಬ್ಬ ಗಾಡಿ ಬ್ರೋಕರ್, ಮೂರನೆಯವರು ನಮ್ಮ ಭಾವ. ಹೋದ ತಿಂಗಳು ರಿನ್ಯೂವಲ್ ಆಯಿತು. ಪಾಲಿಸಿಯಲ್ಲಿ ಎನ್‌ಸಿಬಿ 50% ಅಂತ ಅಚ್ಚಾಗಿ ಬಂದಿದೆ. ಭಾವನವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು, ಏನೂ ಮಾತಾಡದೆ ವಾಪಸ್ ಕೊಟ್ಟರು. ಅಷ್ಟು ಸಾಕಾಯಿತು ನನಗೆ.

ನನ್ನ 2013ರ ಪೆಟ್ರೋಲ್ ಕಾರು ಮಾರಿ, 2017ರ 1200 ಸಿಸಿ ಗಾಡಿ ಒಂದನ್ನು ತಗೊಂಡೆ. ಎರಡೂ ಹಳೇವೇ. ಹೊರರಾಜ್ಯದ ಗಾಡಿಗಳನ್ನು ಮುಟ್ಟಲೇ ಇಲ್ಲ. ಎನ್‌ಒಸಿ, ಮತ್ತೆ ಇಲ್ಲಿಯ ಲೈಫ್ ಟ್ಯಾಕ್ಸ್, ಯಾರಿಗೆ ಬೇಕು?

ಮೊದಲು ಹಿಂದೆ ಕೆಟ್ಟಿದ್ದನ್ನು ಹೇಳಿಬಿಡುತ್ತೇನೆ. 2015ರ ಸುಮಾರಿಗೆ ಒಂದು ಗಾಡಿಯನ್ನು ಬ್ರೋಕರ್ ಕೈಗೆ ಕೊಟ್ಟು, ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಖಾಲಿ ಇದ್ದಾಗಲೇ ಸಹಿ ಹಾಕಿ ಬಂದಿದ್ದೆ. ಮೂರು ವರ್ಷ ಅದು ನನ್ನ ಹೆಸರಲ್ಲೇ ಓಡಾಡಿದೆ! ಸಿಗ್ನಲ್ ಜಂಪ್, ಸೀಟ್ ಬೆಲ್ಟ್ ಅಂತ ದಂಡದ ನೋಟಿಸ್ ಮನೆಗೆ ಬರತೊಡಗಿದಾಗಲೇ ಗೊತ್ತಾಗಿದ್ದು. ಎರಡೂವರೆ ಸಾವಿರ ದಂಡ ಕಟ್ಟಿದೆ. ಅದೇ ಹೊತ್ತಿಗೆ, 2018ರಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂತು: ಗಾಡಿ ಕೈ ಬದಲಾದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆ ಅವರದೇ ಅಂತ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಗಾಡಿ ಇಟ್ಟುಕೊಂಡವರನ್ನು ಹುಡುಕಿ, ಕೈಯಿಂದ ನಾಲ್ಕು ಸಾವಿರ ಹಾಕಿ ನಾನೇ ಟ್ರಾನ್ಸ್‌ಫರ್ ಮಾಡಿಸಿದೆ. ಹಾಗಾಗಿ ಈ ಸಲ ಕೊಂಡವರ ಜೊತೆ ನಾನೇ ಕೂತು ಪರಿವಾಹನ್ ವೆಬ್‌ಸೈಟಿನಲ್ಲಿ ಟ್ರಾನ್ಸ್‌ಫರ್ ಅರ್ಜಿ ಹಾಕಿದೆ. ಅರ್ಜಿ ಬೀಳುವ ತನಕ ಅವರೂ ಸಡಿಲ ಬಿಡಬಾರದು, ನಾನೂ ಬಿಡಬಾರದು. ಅದಕ್ಕೊಂದು ಉಪಾಯ ಮಾಡಿದ್ದೆ. ಅದು ನನ್ನ ಹತ್ತಿರವೇ ಇರಲಿ.

ಕೊಂಡವರು ಚಿಕ್ಕ ವಯಸ್ಸಿನ ಮೇಷ್ಟ್ರು. ಅವರಿಗಿದು ಮೊದಲನೇ ಕಾರು. ಪಾಲಿಸಿ ಹೆಸರು ಬದಲಾಯಿಸುವಾಗ ಎನ್‌ಸಿಬಿ ವ್ಯತ್ಯಾಸ, ಅಂದರೆ ನನಗೆ ಸಿಕ್ಕಿದ್ದ ರಿಯಾಯಿತಿಯ ದುಡ್ಡು, ಕಟ್ಟಿ ಅಂತ ಇನ್ಶೂರೆನ್ಸ್‌ನವರು ಅಂದಾಗ ಮುಖ ಸಣ್ಣದಾಯಿತು.

"ಸರ್, ಪಾಲಿಸಿ ಜೊತೆ ನಿಮ್ಮ ಎನ್‌ಸಿಬಿನೂ ನನಗೆ ಬರಲ್ವಾ?"

"ಇಲ್ಲಪ್ಪ, ಅದು ಗಾಡೀದಲ್ಲ, ನಂದು."

ಆಮೇಲೆ ನನಗೇ ಪಾಪ ಅನ್ನಿಸಿ ರೇಟಿನಲ್ಲಿ ಸಾವಿರ ಬಿಟ್ಟೆ. ಮಾರಿದ ದಾಖಲೆ ಕೊಟ್ಟು ನನ್ನ ಇನ್ಶೂರೆನ್ಸ್ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡೆ. ಹತ್ತು ದಿನ ಹಿಡಿಯಿತು. ಮೂರು ವರ್ಷದೊಳಗೆ ಯಾವ ಕಾರಿಗಾದರೂ ಹಾಕಬಹುದು.

ಗಾಡಿ ಸಿಗುವ ತನಕ ಸುಮ್ನೆ ಕೂರೋಕಾಗದೆ ಆ ಪತ್ರವನ್ನು ಹೆಂಡತಿಯ ಸ್ಕೂಟರಿಗೆ ಹಾಕಿ ನೋಡೋಣ ಅಂತ ಹೋದೆ. ಎರಡು ಕಾರಣಕ್ಕೆ ಆಗಲ್ಲ ಅಂದರು. ಕಾರಿನದು ಕಾರಿಗೇ ಹೋಗಬೇಕು. ಹೆಸರೂ ನನ್ನದೇ ಇರಬೇಕು, ನಾನು ಸತ್ತರೆ ಮಾತ್ರ ಅವಳಿಗೆ ಹೋಗುತ್ತೆ. ಹಾಗಂತ ಹೇಳಿದ್ದಕ್ಕೆ "ಹಾಗಾದ್ರೆ ಬೇಡ ಬಿಡಿ" ಅಂದಳು.

ನಾಲ್ಕು ತಿಂಗಳ ಮೇಲೆ 2017ರ ಗಾಡಿ ಸಿಕ್ಕಿತು. ಸಾಲ ಯಾವತ್ತೋ ತೀರಿದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿದೆ. ಆ ಹೆಸರು ತೆಗೆಸೋಕೆ (ಎಚ್‌ಪಿ ಕ್ಯಾನ್ಸಲ್ ಅಂತಾರೆ) ಫಾರಂ 35 ಇತ್ತು, ಬ್ಯಾಂಕಿನ ಎನ್‌ಒಸಿಯೂ ಇತ್ತು, ಆದರೆ ಹಳೇದಾಗಿತ್ತು. ಆರ್‌ಟಿಓದಲ್ಲಿ ಹೊಸದು ತನ್ನಿ ಅಂದರು. ಮಾರಿದವರು ಮತ್ತೆ ಬ್ಯಾಂಕಿಗೆ ಅಲೆದು ತಂದುಕೊಟ್ಟರು.

ಆಮೇಲೆ ಚಾಸಿಸ್ ಪ್ರಿಂಟ್, ಅಂದರೆ ಟ್ರಾನ್ಸ್‌ಫರ್ ಅರ್ಜಿ ಜೊತೆ ಕೊಡಬೇಕಾದ ಚಾಸಿಸ್ ನಂಬರಿನ ಅಚ್ಚು. ಇದಕ್ಕೆ ಎರಡು ಸಲ ವಾಪಸ್ ಬಂದಿದ್ದೇನೆ ಅಂದರೆ ನಗಬೇಡಿ. ಬಾನೆಟ್ ಎತ್ತಿ ನಂಬರ್ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿದೆ. 8 ಯಾವುದು, ಬಿ ಯಾವುದು ಗೊತ್ತಾಗಲಿಲ್ಲ. ಎರಡನೇ ಸಲ ಮಗಳ ಕ್ರೇಯಾನ್ ಉಜ್ಜಿದೆ. ಇಂಜಿನ್ ಬಿಸಿಗೆ ಮೇಣ ಕರಗಿ ಕಾಗದವೆಲ್ಲ ಕಪ್ಪು. ಮೂರನೇ ಸಲ ಸೀಮೆಎಣ್ಣೆ ಬಟ್ಟೆಯಲ್ಲಿ ಧೂಳು, ಜಿಡ್ಡು ತೆಗೆದು, ಒಣಗಲು ಬಿಟ್ಟು, ನಂಬರಿನ ಮೇಲೇ ನೇರವಾಗಿ 6ಬಿ ಪೆನ್ಸಿಲ್ ಉಜ್ಜಿದೆ. ಮೇಲೆ ಅಗಲದ ಸೆಲ್ಲೋಟೇಪ್ ಒತ್ತಿ, ಒಂದೇ ಏಟಿಗೆ ಎತ್ತಿ ಬಿಳಿ ಹಾಳೆಗೆ ಅಂಟಿಸಿದೆ. ಕರೀ ಪಟ್ಟಿಯಲ್ಲಿ ಬಿಳೀ ಅಂಕಿ, ಹದಿನೇಳೂ ಸ್ಪಷ್ಟ. ಕೌಂಟರಿನವರು "ಯಾರು ಮಾಡಿಕೊಟ್ರು?" ಅಂತ ಕೇಳಿದರು.

ಇನ್ನು ಪಾಲಿಸಿ. ಆರ್‌ಸಿ ಕಾರ್ಡ್ ಬರಲಿ, ಆಮೇಲೆ ಇನ್ಶೂರೆನ್ಸ್ ನೋಡೋಣ ಅಂತ ಕೂತರೆ ಕೆಟ್ಟಿರಿ. ಬೇರೆಯವರಿಗಾದ ಹಾನಿಯ ಥರ್ಡ್ ಪಾರ್ಟಿ ಭಾಗ ಏನೋ ತಾನಾಗೇ ನಿಮ್ಮ ಹೆಸರಿಗೆ ಬರುತ್ತೆ, ನಿಮ್ಮ ಗಾಡಿಗೇ ಆದ ಹಾನಿಯ ಓಡಿ (ಓನ್ ಡ್ಯಾಮೇಜ್) ಭಾಗ ಬರಲ್ಲ. ಗಾಡಿ ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಬೀಳಬೇಕು. ಕಾರ್ಡ್ ಬರೋದು ಅದಕ್ಕಿಂತ ಜಾಸ್ತಿ ದಿನ ಆಗುತ್ತೆ. ನಾನು ಫಾರಂ 29, 30 ಪ್ರತಿ, ಫೀಸ್ ಕಟ್ಟಿದ ರಸೀದಿ, ಮಾರಿದವರ ಒಪ್ಪಿಗೆ ಪತ್ರ ಜೋಡಿಸಿ ಒಂಬತ್ತನೇ ದಿನಕ್ಕೆ ಹಾಕಿದೆ.

ಅಲ್ಲಿಂದ ಶುರುವಾಯಿತು ಜಗಳ. ಮಾರಿದವರ ಪಾಲಿಸಿಯಲ್ಲಿ 35% ಎನ್‌ಸಿಬಿ ಇತ್ತು, ಇನ್ನೂ ಏಳು ತಿಂಗಳು ಬಾಕಿ. ಎನ್‌ಸಿಬಿ ಇಲ್ಲದೆ ವರ್ಷದ ಓಡಿ ಒಂಬತ್ತು ಸಾವಿರದ ಹತ್ತಿರ. ಏಳು ತಿಂಗಳಿಗೆ ಲೆಕ್ಕ ಹಾಕಿ ಸಾವಿರದ ಎಂಟ್ನೂರು ಚಿಲ್ಲರೆ, ಮೇಲೆ ಜಿಎಸ್‌ಟಿ ಕಟ್ಟಿ ಅಂದರು. ನಾನು ಎನ್‌ಸಿಬಿ ಪತ್ರ ಮುಂದಿಟ್ಟೆ. ಇದು ಹೊಸ ಗಾಡಿಗೆ ಮಾತ್ರ ಅಂದರು. ಮತ್ತೆ ಅದೇ ಮಾತು!

ಗಾಡಿ ಇನ್ಶೂರೆನ್ಸಿನ ನಿಯಮಾವಳಿ ಇಂಡಿಯಾ ಮೋಟಾರ್ ಟ್ಯಾರಿಫ್‌ನ 17ನೇ ನಿಯಮದ ಪ್ರಿಂಟ್ ತಗೊಂಡೇ ಹೋಗಿದ್ದೆ. ಕೊಂಡವರಿಗೆ ಬರಬೇಕಾದ ಎನ್‌ಸಿಬಿ ಪಾಲಿಸಿಯಲ್ಲಿರುವ ಎನ್‌ಸಿಬಿಗಿಂತ ಕಡಿಮೆ ಇದ್ದರೆ ಆ ವ್ಯತ್ಯಾಸ ವಸೂಲಿ ಮಾಡಿ ಅಂತಷ್ಟೇ ಅಲ್ಲಿದೆ. ಅವರದು 35, ನನ್ನದು 50. ಯಾವ ವ್ಯತ್ಯಾಸ ಕಟ್ಟಲಿ ಹೇಳಿ? ಬ್ರಾಂಚಿನಲ್ಲಿ ಒಪ್ಪಲಿಲ್ಲ. ಮೇಲಿನವರಿಗೆ ಮೇಲ್ ಹಾಕಿದೆ. ಯಾರಿಗೆ, ಯಾವ ಸಬ್ಜೆಕ್ಟ್ ಲೈನ್ ಹಾಕಿ ಅನ್ನೋದನ್ನು ಬರೆಯಲ್ಲ, ಎಲ್ಲರೂ ಅದನ್ನೇ ಕಳಿಸಿದರೆ ಅದರ ಬೆಲೆ ಹೋಗುತ್ತೆ. ಆರನೇ ದಿನ ಹೆಸರು ಬದಲಾದ ಎಂಡಾರ್ಸ್‌ಮೆಂಟ್ ಬಂತು. ಟ್ರಾನ್ಸ್‌ಫರ್ ಫೀಸ್ ಬಿಟ್ಟರೆ ಒಂದು ಪೈಸೆ ಕಟ್ಟಿಲ್ಲ.

ಏಳು ತಿಂಗಳ ಮೇಲೆ ರಿನ್ಯೂವಲ್‌ನಲ್ಲಿ ಓಡಿ ಅರ್ಧಕ್ಕೆ ಇಳಿಯಿತು. ಥರ್ಡ್ ಪಾರ್ಟಿಯ 3,416 ಮಾತ್ರ ಹಾಗೇ, ಅದಕ್ಕೆ ಎನ್‌ಸಿಬಿ ತಾಗಲ್ಲ. ಹೆಸರು ಬದಲಾವಣೆ, ರಿನ್ಯೂವಲ್ ಎರಡೂ ಕಡೆ ಸೇರಿಸಿ, ಜಿಎಸ್‌ಟಿ ಲೆಕ್ಕ ಹಿಡಿದರೆ, ಏಳು ಸಾವಿರಕ್ಕೂ ಜಾಸ್ತಿ ಉಳಿಯಿತು. ಮೇಷ್ಟ್ರಿಗೆ ಬಿಟ್ಟ ಸಾವಿರ ಕಳೆಯಿರಿ.

ಇನ್ನೊಂದು ಕಳೆಯಬೇಕು. ಹಳೇ ಗಾಡಿಯ ಫಾಸ್ಟ್ಯಾಗ್ ಮುಚ್ಚಿಸೋದು ಮರೆತಿದ್ದೆ. ಒಂದು ಭಾನುವಾರ ಬೆಳಗ್ಗೆ ಸಾಲಾಗಿ ಮೂರು ಟೋಲ್ ಮೆಸೇಜ್ ಬಂತು. ಮೇಷ್ಟ್ರು ಸಂಸಾರ ಸಮೇತ ಹೊರಟಿದ್ದರು. ಫೋನ್ ಮಾಡಿದರೆ, "ಅಯ್ಯೋ ಸರ್, ನಾನು ಫ್ರೀ ಪಾಸ್ ಅಂದ್ಕೊಂಡಿದ್ದೆ" ಅಂದರು. ಹೋಗುವಾಗಿನದು ನನ್ನ ಲೆಕ್ಕಕ್ಕೆ ಬಿಟ್ಟೆ. ಬರುವಾಗ ಅವರೇ ಕಟ್ಟಿಕೊಂಡು ಬಂದರು.