ಯುರೋಪ್ ವೀಸಾ: ಟಿಕೆಟ್‌ಗಿಂತ ಮೊದಲು ಸ್ಲಾಟ್ ನೋಡಿ

ರಜೆಗೆ ಯುರೋಪ್ ಸುತ್ತಲು ಹೊರಟವರು ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕೆಲಸ ಈಗಲೇ ಶುರು ಮಾಡಿ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು, ಆದರೆ ಅದನ್ನು ನಂಬಿ ಕೂರಬೇಡಿ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನವೂ ಹಿಡಿಯುತ್ತದೆ. ಅದಕ್ಕೂ ಮೊದಲು ಸ್ಲಾಟ್, ಅಂದರೆ ಅರ್ಜಿ ಕೊಡಲು ಗೊತ್ತುಮಾಡಿದ ದಿನ-ವೇಳೆ, ಸಿಗಬೇಕಲ್ವಾ?

ಮೊದಲ ಸಲದವರು ಬೆರಳಚ್ಚು ಕೊಡಲು ವೀಸಾ ಅರ್ಜಿ ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು. ನಾನು ಶಿವಮೊಗ್ಗದಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಮೇಲೆ ಸೀಲ್ ಇಲ್ಲ ಅಂತ ಗೊತ್ತಾಗಿದ್ದು ಕೌಂಟರಿನಲ್ಲಿ! ಸುಮ್ನೆ ಇನ್ನೊಂದು ಓಡಾಟ. ಊರಲ್ಲೇ ಸೀಲ್, ಸಹಿ ಹಾಕಿಸಿಕೊಂಡು ಹೊರಡಿ. ಸಂಬಳದ ಚೀಟಿ ಇಲ್ಲದ ತೋಟದವರು ಪಹಣಿ, ಅಡಿಕೆ ಮಾರಿದ ಬಿಲ್ ಜೊತೆಗಿಡಿ. ಆದಾಯವೂ ತೋರುತ್ತದೆ, ವಾಪಸ್ ಬರುತ್ತೀರಿ ಅನ್ನುವುದಕ್ಕೆ ಬಲವೂ ಆಗುತ್ತದೆ. ಕನ್ನಡದ ಕಾಗದಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ.

ಪಾಸ್‌ಪೋರ್ಟ್ ಅವಧಿ ಅಲ್ಲಿಂದ ಹೊರಟ ಮೇಲೂ 3 ತಿಂಗಳು ಇರಬೇಕು. 2 ಪುಟ ಖಾಲಿ ಬೇಕು. ಪ್ರಯಾಣದ ವೈದ್ಯಕೀಯ ವಿಮೆ ಕನಿಷ್ಠ 30,000 ಯೂರೋದ್ದು.

ಎರಡು-ಮೂರು ದೇಶ ನೋಡುವುದಿದ್ದರೆ ಜಾಸ್ತಿ ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಿ. ಸ್ಲಾಟ್ ಬೇಗ ಸಿಕ್ಕಿತು ಅಂತ ಬೇರೆ ದೇಶಕ್ಕೆ ಹಾಕಬೇಡಿ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಲಾಗದ ಟಿಕೆಟ್ ಮಾತ್ರ ಕೊಳ್ಳಬೇಡಿ.